ಶನಿವಾರ ಆರು ಗಂಟೆ ಇನ್ನೂ ಕೆತ್ತುನೆನ್‌ದೇನಾ?

ಕೈವೊಲಾ ಊರಿನ ಜನ ಸಿಟ್ಟು ಬಂದರೆ ಮಾತು ನಿಲ್ಲಿಸುತ್ತಾರೆ. ಎದುರಿನವರು ಆ ಮೌನವನ್ನು ನೋಡಿಯೇ ತಮ್ಮ ತಪ್ಪು ತಿಳಿದುಕೊಳ್ಳಬೇಕು. ಫಿನ್‌ಲೆಂಡಿನ ಆ ಕಡೆ ಇದಕ್ಕೆ ಸಭ್ಯತೆ ಅನ್ನುತ್ತಾರೆ. ಆದರೆ ವಿಲ್ಯೊ ಕೆತ್ತುನೆನ್ ಎಂಬ ಮಹಾಶಯನಿಗೆ ಸಿಟ್ಟು ಬಂದಾಗ ಮಾತ್ರ ಮಾತು ಬರುತ್ತಿತ್ತು. ಉಳಿದ ಹೊತ್ತೆಲ್ಲ ಅವನು ನಗರಸಭೆಯ ತಂತ್ರಾಂಶ ವಿಭಾಗದ ಮೇಲ್ವಿಚಾರಕನಾಗಿ ಕಾಫಿ ಕುಡಿಯುತ್ತ ಕೂತಿರುತ್ತಿದ್ದ. ಆ ವಿಭಾಗದಲ್ಲಿ ಅವನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇರಲಿಲ್ಲವಾದ್ದರಿಂದ ಅವನು ತನ್ನ ಮೇಲೆ ತಾನೇ ವಿಚಾರಣೆ ನಡೆಸಿಕೊಳ್ಳುತ್ತಿದ್ದ ಅಂತಲೇ ಹೇಳಬೇಕು.

ಮಾರ್ಚ್ ತಿಂಗಳ ಒಂದು ಸಂಜೆ ಅವನಿಗೆ ಮಾತು ಬಂತು. ಕೆಲಸ ಮುಗಿಸಿ ಬೂಟಿನ ಹಿಮ ಕೊಡವುತ್ತ ತನ್ನ ಕಟ್ಟಡದ ಒಳಗೆ ಕಾಲಿಟ್ಟರೆ, ಮೆಟ್ಟಿಲ ಪಕ್ಕದ ಸೂಚನಾಫಲಕದಲ್ಲಿ ಅವನದೇ ಫೋಟೋ. ಹಿಂದಿನ ವಾರ ಊರಿನ ಪತ್ರಿಕೆಯಲ್ಲಿ ಬಂದಿದ್ದ ಸಂದರ್ಶನ ಅದು. ಗೋಡೆಯಿಂದ ಕಿತ್ತ ಪ್ಲಗ್ಗೊಂದನ್ನು ಎತ್ತಿ ಹಿಡಿದು, ದೊಡ್ಡ ಮೀನು ಹಿಡಿದವನ ಹಾಗೆ ವಿಲ್ಯೊ ಹಲ್ಲು ಬಿಡುತ್ತಿದ್ದ. ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಕಂಪ್ಯೂಟರಿನ ಪ್ಲಗ್ಗು ಕೀಳುವುದು, ಉಳಿದ ಗುಮಾಸ್ತರಿಂದಲೂ ಕೀಳಿಸುವುದು ಅವನು ಊರಿಗೆ ಸಲ್ಲಿಸುತ್ತಿದ್ದ ಸೇವೆ. ಅದರ ಕೆಳಗೆ ಅವನ ಅಮೃತವಾಣಿ:

"ಮೊದ್ಲು ನಮ್ಮೂರಿನ ಒಂದೊಂದು ತಂತ್ರಾಂಶಕ್ಕೂ ನೆಲಮಾಳಿಗೇಲಿ ಒಂದೊಂದು ಯಂತ್ರ ಇತ್ತು. ಕೆಲಸ ಇರ್ಲಿ ಬಿಡ್ಲಿ, ಎಲ್ಲಾನೂ ಕರೆಂಟು ತಿಂತಾ ಕೂತಿರ್ತಿದ್ವು. ಈಗ ಎಲ್ಲಾನೂ ಕ್ಲೌಡಿಗೆ ಹಾಕಿದೀವಿ. ಕೆರೆದಂಡೆ ಕಾಗದದ ಗಿರಣಿ ಇತ್ತಲ್ಲ, ಅಲ್ಲಿ ಒಂದೇ ಯಂತ್ರದಲ್ಲಿ ನಾವೂ ಇದೀವಿ, ಪಕ್ಕದೂರು ತೆರ್ವಾಲಾದವ್ರೂ ಇದಾರೆ. ಒಬ್ರು ಸುಮ್ನಿದ್ದಾಗ ಇನ್ನೊಬ್ರ ಕೆಲಸ ನಡೀತದೆ. ಹಂಚ್ಕೊಳ್ಳೋಕೆ ನಾಚೋನು ಕರೆಂಟಿನ ಶತ್ರು!"

ಕೊನೆಯ ವಾಕ್ಯದ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಆ ಗೆರೆ ಯಾರದೆಂದು ಊರಿನ ಅರ್ಧ ಜನಕ್ಕೆ ಗೊತ್ತು. ಅದು ನಿವೃತ್ತ ಮುಖ್ಯೋಪಾಧ್ಯಾಯಿನಿ, ಸದ್ಯ ಕಟ್ಟಡದ ಸಂಘದ ಅಧ್ಯಕ್ಷೆ, ಇರ್ಯಾ ಟೀಚರ್ ಅವರದು. ಅದರ ಕೆಳಗೆ ಅವರದೇ ಪ್ರಕಟಣೆ ಇತ್ತು. ಶ್ರೀ ಕೆತ್ತುನೆನ್ ಅವರ ಮಾತಿನಿಂದ ಸ್ಫೂರ್ತಿ ಪಡೆದು, ನೆಲಮಾಳಿಗೆಯ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಮನೆಗೊಂದು ಗಂಟೆಯ ಸರದಿಯನ್ನು ರದ್ದು ಮಾಡಿ, ಇನ್ನು ಮುಂದೆ ಶನಿವಾರ ಸಂಜೆ ಐದಕ್ಕೆ ಹೆಂಗಸರೆಲ್ಲ ಒಟ್ಟಿಗೆ, ಆರಕ್ಕೆ ಗಂಡಸರೆಲ್ಲ ಒಟ್ಟಿಗೆ ಮೈ ಕಾಯಿಸಿಕೊಳ್ಳುವುದು ಎಂಬ ವಿಷಯವನ್ನು ಗುರುವಾರದ ಸಭೆಯಲ್ಲಿ ಮತಕ್ಕೆ ಹಾಕಲಾಗುವುದು.

ವಿಲ್ಯೊನ ಪಿತ್ತ ನೆತ್ತಿಗೇರಿತು. ಏಕೆಂದರೆ ಶನಿವಾರದ ಆರು ಗಂಟೆ ಅವನದು. ಆ ಕಟ್ಟಡದಲ್ಲಿ ಮನೆ ಸಿಗುವುದು ಸುಲಭ, ಒಳ್ಳೆಯ ಹೆಂಡತಿ ಸಿಗುವುದೂ ಸಾಧ್ಯ, ಶನಿವಾರ ಆರರ ಸೌನಾ ಸರದಿ ಮಾತ್ರ ಯಾರಾದರೂ ಸತ್ತರೆ ಸಿಕ್ಕೀತು. ಮೂರನೇ ಮಹಡಿಯ ಮುದುಕ ತೀರಿಕೊಂಡಾಗ ವಿಲ್ಯೊ ಹೂ ಹಿಡಿದು ಸಾಂತ್ವನ ಹೇಳಲು ಹೋದವನು, ಕಾಫಿ ಬರುವ ಮೊದಲೇ ಸರದಿಯ ವಿಷಯ ಎತ್ತಿ ಗಿಟ್ಟಿಸಿಕೊಂಡು ಬಂದಿದ್ದ. ಮೊದಲೆಲ್ಲ ಸರದಿಯ ಹೆಸರುಗಳು ಸೌನಾ ಬಾಗಿಲ ಮೇಲೇ ಇರುತ್ತಿದ್ದವು. ಹೋಗುತ್ತ ಬರುತ್ತ ಅವನು ತನ್ನ ಹೆಸರನ್ನು ಮುಟ್ಟಿ ನೋಡುತ್ತಿದ್ದ. ಶರತ್ಕಾಲದಲ್ಲಿ ಊರಿನ ಎಲ್ಲಾ ಕಟ್ಟಡಗಳ ಸರದಿ ಪಟ್ಟಿಯೂ ಕ್ಲೌಡಿಗೆ ಹೋದ ಮೇಲೆ ಮುಟ್ಟಲು ಏನೂ ಉಳಿಯದೆ ಕಂಗಾಲಾಗಿ, ಕಚೇರಿಯ ಕಂಪ್ಯೂಟರಿನಲ್ಲಿ ತನ್ನದೇ ಒಂದು ಚಿಕ್ಕ ಏರ್ಪಾಡು ಮಾಡಿಕೊಂಡ. ಬೆಳಿಗ್ಗೆ ಪ್ಲಗ್ಗು ಸಿಕ್ಕಿಸಿದೊಡನೆ ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಕಾಣುತ್ತಿತ್ತು. ಚುಕ್ಕೆ ಹಸಿರಾಗಿದ್ದರೆ ಸರದಿ ಇನ್ನೂ ತನ್ನದೇ ಎಂದು ಅವನು ನೆಮ್ಮದಿಯಿಂದ ಮೊದಲ ಕಾಫಿ ಕುಡಿಯುತ್ತಿದ್ದ.

ಈಗ ಅವನು ಧಡಧಡ ಮೆಟ್ಟಿಲೇರಿ ಟೀಚರ್ ಮನೆಯ ಬಾಗಿಲು ಗುದ್ದಿದ. ಬಾಗಿಲು ತೆರೆದೊಡನೆ ಏಲಕ್ಕಿ ಬನ್ನಿನ ವಾಸನೆ ಮೂಗಿಗೆ ಬಡಿಯಿತು.

"ಟೀಚರ್, ಏನಿದು ಕೆಳಗೆ?"

"ನಿನ್ನ ಫೋಟೋ. ಚೆನ್ನಾಗೇ ಬಂದಿದೆ, ಯಾಕೆ?"

"ಫೋಟೋ ಅಲ್ಲ, ಅದರ ಕೆಳಗಿಂದು! ನನ್ನ ಶನಿವಾರಕ್ಕೆ ಕೈ ಹಾಕೋಕೆ ನಿಮಗೆಷ್ಟು ಧೈರ್ಯ?"

"ಮೆಲ್ಲಗೆ ಮಾತಾಡು ಕೆತ್ತುನೆನ್, ಒಲೇಲಿ ಬನ್ನು ಉಬ್ತಾ ಇದೆ. ವಾರಪೂರ್ತಿ ದಿನಾ ಸೌನಾ ಒಲೆ ಕಾಯಿಸ್ತೀವಿ. ಮಂಗಳವಾರ ಹೆಲ್ವಿ ಅಜ್ಜಿ ಹೋಗಿ ಒಂದು ಗಳಿಗೆ ಕೂತು ಎದ್ದು ಬರ್ತಾಳೆ, ಒಲೆ ಉರೀತಾನೇ ಇರತ್ತೆ. ಒಲೆ ಮೇಲಿನ ಕಲ್ಲು ಕಾಯೋಕೆ ಬೇಕಾದ ಕರೆಂಟು ಒಬ್ಬರಿಗೂ ಅಷ್ಟೆ, ಎಂಟು ಜನಕ್ಕೂ ಅಷ್ಟೆ. ಇದು ನಾನು ಹೇಳಿದ್ದಲ್ಲಪ್ಪ, ಪೇಪರಲ್ಲಿ ನೀನೇ ಹೇಳಿದ್ದು."

"ನಾನು ಹೇಳಿದ್ದು ಯಂತ್ರದ ವಿಷ್ಯ! ಯಂತ್ರಕ್ಕೆ ಮಾನ ಇದೆಯಾ, ಮರ್ಯಾದೆ ಇದೆಯಾ? ತೈಸ್ತೊ ಪಕ್ಕದಲ್ಲಿ ಬೆತ್ತಲೆ ಬಂದು ಕೂತ್ರೆ ಯಂತ್ರಕ್ಕೆ ಏನೂ ಆಗಲ್ಲ. ನನಗೆ ಮೈ ಉರಿಯತ್ತೆ!"

ತೈಸ್ತೊ ಅಂದರೆ ಕೆಳಗಿನ ಮನೆಯ ಹಳೇ ಬಸ್ ಡ್ರೈವರು. ಶನಿವಾರ ಏಳರ ಸರದಿ ಅವನದು. ಪ್ರತಿ ವಾರ ಏಳಾಗಲು ಇನ್ನೂ ಹೊತ್ತಿರುವಾಗಲೇ ಬಂದು ಬಾಗಿಲು ಬಡಿದು, "ಸ್ಟಾಪ್ ಬಂತು ಕೆತ್ತುನೆನ್, ಇಳಿ ಇಳಿ!" ಅನ್ನುತ್ತಿದ್ದ. ಆ ಒಂದು ಮಾತಿಗೆ ವಿಲ್ಯೊ ಅವನನ್ನು ಪ್ರತಿ ಶನಿವಾರ ಮನಸ್ಸಿನಲ್ಲೇ ಸುಟ್ಟು ಬೂದಿ ಮಾಡುತ್ತಿದ್ದ.

"ಗುರುವಾರ ಮತಕ್ಕೆ ಹಾಕೋಣ. ಹಂಚ್ಕೊಂಡ್ರೆ ಕರೆಂಟು ಹೆಚ್ಚು ತಿನ್ನತ್ತೆ ಅಂತ ಸಾಬೀತು ಮಾಡು, ಶನಿವಾರ ನಿನಗೇ ಇಟ್ಕೋ," ಎಂದು ಟೀಚರ್ ಬಾಗಿಲು ಹಾಕಿಕೊಂಡರು.

ಮನೆಗೆ ಬಂದು ಅವನು ಹೆಂಡತಿ ರಾಯ್ಲಿಯ ಮುಂದೆ ಹಾರಾಡಿದ. ಅವಳು ಹೆರಿಂಗ್ ಮೀನು ಹುರಿಯುತ್ತಿದ್ದಳು.

"ಹೋದ್ರೆ ಹೋಗ್ಲಿ ಬಿಡು. ಹೆಂಗಸ್ರ ಜೊತೆ ಕೂತ್ರೆ ನನಗೂ ನಾಲ್ಕು ಮಾತು ಆದ್ರೂ ಸಿಗತ್ತೆ. ನಿನ್ ಜೊತೆ ಸೌನಾದಲ್ಲಿ ಕೂರೋದೂ ಒಂದೇ, ಮರದ ದಿಮ್ಮಿ ಜೊತೆ ಕೂರೋದೂ ಒಂದೇ."

"ಮಾತಾಡೋಕೆ ಸೌನಾ ಯಾಕೆ? ಅಡುಗೆಮನೆ ಇಲ್ವಾ?"

"ಅಡುಗೆಮನೇಲಿ ಯಾವಾಗ ಮಾತಾಡಿದೀಯ?"

ವಿಲ್ಯೊ ಮೀನಿನ ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋಗಿ ಕೂತ. ಮರುದಿನ ಬೆಳಿಗ್ಗೆ ಹಸಿರು ಚುಕ್ಕೆಯನ್ನು ನೋಡಿಕೊಂಡು ನೇರ ಗಿರಣಿಗೆ ಹೋದ. ಕಾಗದ ನಿಂತುಹೋಗಿ ಆ ಕೆಂಪು ಇಟ್ಟಿಗೆಯ ಗಿರಣಿಯ ತುಂಬ ಈಗ ಕಂಪ್ಯೂಟರುಗಳಿದ್ದವು. ಅಲ್ಲಿನ ಮುಖ್ಯ ಎಂಜಿನಿಯರ್ ಹೆಲ್ಮಿ, ಕಿವಿಗೆ ಶಬ್ದ ತಡೆಯುವ ದೊಡ್ಡ ಮುಚ್ಚಳಗಳನ್ನು ಹಾಕಿಕೊಂಡು, ಅವನನ್ನು ನೋಡಿದ್ದೇ ಕಣ್ಣು ಕೆಂಪು ಮಾಡಿದಳು.

"ಬಂದ್ಯಾ? ಒಂದು ತಿಂಗಳಿಂದ ಸಾಯಂಕಾಲ ಸಾಯಂಕಾಲ ಫೋನ್ ಮಾಡ್ತಿದೀನಿ. ಎತ್ತೋಕೆ ಏನು ರೋಗ?"

"ನಾಲ್ಕು ಗಂಟೆಗೆ ಫೋನಿನ ಪ್ಲಗ್ಗೂ ಕೀಳ್ತೀನಿ. ಉಳಿತಾಯ."

ಹೆಲ್ಮಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಕೇಳು. ರಾತ್ರಿ ಊರುಗಳೆಲ್ಲ ಮಲಗಿದ ಮೇಲೆ ಎಲ್ಲರ ತಂತ್ರಾಂಶಾನೂ ಒಂದೆರಡು ಯಂತ್ರಕ್ಕೆ ಒಟ್ಟು ಮಾಡಿ, ಉಳಿದ ಯಂತ್ರಗಳನ್ನ ಮಲಗಿಸ್ತೀವಿ. ಹಂಚ್ಕೊಳ್ಳೋದರ ಉಳಿತಾಯ ಇರೋದೇ ಅಲ್ಲಿ. ಆದ್ರೆ ನೀವಿರೋ ಯಂತ್ರ ಮಲಗ್ತಾ ಇಲ್ಲ. ಶರತ್ಕಾಲದಿಂದ ಯಾರೋ ಅದನ್ನ ಏನೋ ಕೇಳ್ತಾನೇ ಇದಾರೆ. ಉಸಿರು ಬಿಡೋಕೂ ಬಿಡ್ತಿಲ್ಲ. ಕ್ರಿಸ್‌ಮಸ್‌ಗೆ ಇಡೀ ದೇಶ ಮಲಗಿತ್ತು, ಇದೊಂದು ಎದ್ದು ಕೂತಿತ್ತು. ಎಷ್ಟು ಕರೆಂಟು ದಂಡ ಆಯ್ತು ಗೊತ್ತಾ? ನನ್ನ ಕೈಗೆ ಸಿಗ್ಲಿ, ಮೊದ್ಲು ಕಪಾಳಕ್ಕೆ ಬಾರಿಸಿ ಆಮೇಲೆ ವಿಚಾರಿಸ್ತೀನಿ."

ವಿಲ್ಯೊನ ಮುಖ ಅರಳಿತು. ಯಂತ್ರ ಹಂಚಿಕೊಂಡಿದ್ದಾರೆ, ಅದೇ ಯಂತ್ರ ಸಿಕ್ಕಾಪಟ್ಟೆ ಕರೆಂಟು ತಿನ್ನುತ್ತಿದೆ. ಇನ್ನೇನು ಬೇಕು?

"ತೆರ್ವಾಲಾದವ್ರು!" ಎಂದ.

"ನಾನು ಹಾಗಂದೆನಾ? ಹುಡುಕ್ತಾ ಇದೀನಿ. ಪ್ರಶ್ನೆ ಏನು ಅಂತ ಬಿಡಿಸಿ ನೋಡೋಕೆ ಇನ್ನೊಂದೆರಡು ದಿನ ಬೇಕು."

"ಗುರುವಾರ ನಮ್ಮ ಕಟ್ಟಡದ ಸಭೆಗೆ ಬಂದು ಇದನ್ನೇ ಹೇಳು. ಇಷ್ಟೇ ಸಿಟ್ಟಲ್ಲಿ ಹೇಳ್ಬೇಕು."

"ನಿಮ್ಮ ಸೌನಾ ಜಗಳಕ್ಕೆ ನಾನ್ಯಾಕೆ ಬರ್ಲಿ?"

"ಇರ್ಯಾ ಟೀಚರ್ ಬನ್ನು ಮಾಡ್ತಾರೆ."

"ಏಲಕ್ಕೀದಾ?" ಹೆಲ್ಮಿ ಒಂದು ಗಳಿಗೆ ಯೋಚಿಸಿದಳು. "ಬರ್ತೀನಿ."

ಅಲ್ಲಿಗೇ ಸುಮ್ಮನಿದ್ದರೆ ಅವನು ಕೆತ್ತುನೆನ್ ಹೇಗಾದಾನು! ಕಚೇರಿಗೆ ಬಂದವನೇ ತೆರ್ವಾಲಾ ನಗರಸಭೆಯಲ್ಲಿ ಇದೇ ಕೆಲಸ ನೋಡಿಕೊಳ್ಳುವ ಅರ್ವೋನಿಗೆ ಫೋನ್ ಹಚ್ಚಿದ.

"ಕಳ್ಳರು ಕಣ್ರೋ ನೀವು! ನಮ್ಮ ಯಂತ್ರಾನ ನಿದ್ದೆ ಮಾಡೋಕೆ ಬಿಡದೆ ಕರೆಂಟು ಕುಡೀತಿದೀರ!"

"ಏನು, ಹೋದ ಬೇಸಿಗೇಲಿ ಬೇಸ್‌ಬಾಲಲ್ಲಿ ಸೋತ ಉರಿ ಇವತ್ತಿಗೂ ಆರಿಲ್ವಾ?" ಎಂದ ಅರ್ವೋ. "ನಾವು ಸಂಜೆಗೆ ಎಲ್ಲಾ ನಿಲ್ಲಿಸಿ ಮಲಗೋ ಜನ. ನಿದ್ದೆಗೆಡೋ ಅಂಥ ಕೆಲಸ ನಮ್ಮೂರಲ್ಲಿ ಏನಿದೆ ಹೇಳು? ನಿನ್ನ ಪ್ಲಗ್ಗಿನ ಫೋಟೋ ನಮ್ಮ ಕಾಫಿ ಮಷಿನ್ ಮೇಲೆ ಅಂಟಿಸಿದೀವಿ, ನೋಡಿ ನೋಡಿ ನಗ್ತೀವಿ. ಅದೊಂದೇ ನಮ್ಮ ರಾತ್ರಿ ಕೆಲಸ."

ವಿಲ್ಯೊ ಫೋನನ್ನು ಕುಕ್ಕಿದ. ಕುಕ್ಕಿ ಸುಮ್ಮನಾಗಲಿಲ್ಲ, ಮಾರುಕಟ್ಟೆಯ ಕಾಫಿ ಗೂಡಂಗಡಿಗೆ ಹೋಗಿ ಕಂಡಕಂಡವರಿಗೆಲ್ಲ ಹೇಳಿದ. ಬುಧವಾರ ಮಧ್ಯಾಹ್ನದ ಹೊತ್ತಿಗೆ ತೆರ್ವಾಲಾದ ಮೀನು ಮಾರುವವಳಿಗೆ ಕೈವೊಲಾದಲ್ಲಿ ಗಿರಾಕಿಗಳಿರಲಿಲ್ಲ. ಎರಡೂ ಊರಿನ ಚರ್ಚುಗಳ ಜಂಟಿ ಗಾಯನ ತಂಡದಲ್ಲಿ ಗಂಡಸರ ಸಾಲು ಎರಡಾಗಿ ಒಡೆದು ನಿಂತಿತು. ನಗರಸಭೆಯ ಮುಖ್ಯಸ್ಥ ಎದೆ ಹಿಡಿದುಕೊಂಡು ವಿಲ್ಯೊನನ್ನು ಕರೆಸಿದ.

"ತೆರ್ವಾಲಾದ ಮುಖ್ಯಸ್ಥೆ ಫೋನ್ ಮಾಡಿದ್ಲು. ಅವರನ್ನ ಕಳ್ಳರು ಅಂದ್ಯಂತೆ."

"ಅಂದೆ. ಇನ್ನೂ ಅಂತೀನಿ."

"ಎರಡೂ ಊರಿಗೆ ಸೇರಿ ಇರೋದು ಒಂದೇ ಆಂಬುಲೆನ್ಸು, ವಿಲ್ಯೊ. ಅದು ನಿಲ್ಲೋದು ತೆರ್ವಾಲಾದಲ್ಲಿ. ನನ್ನ ಹೃದಯ ಮೊದಲೇ ಸರಿಯಿಲ್ಲ. ಬೈಯೋ ಮುಂಚೆ ಸ್ವಲ್ಪ ನನ್ನ ನೆನಪು ಮಾಡ್ಕೋ ಮಾರಾಯ."

ಗುರುವಾರ ಬಂತು. ಬಟ್ಟೆ ಒಗೆಯುವ ಕೋಣೆಯ ಪಕ್ಕದ ಸಭಾಕೋಣೆಯಲ್ಲಿ ಕಟ್ಟಡದ ಜನವೆಲ್ಲ ಸೇರಿದ್ದರು. ಟೀಚರ್ ಬನ್ನಿನ ತಟ್ಟೆಯನ್ನು ತಮ್ಮ ಮುಂದೆಯೇ ಇಟ್ಟುಕೊಂಡಿದ್ದರು, ಮತ ಹಾಕಿದ ಮೇಲೆ ಬನ್ನು ಎಂದು. ವಿಲ್ಯೊ ಎದ್ದು ನಿಂತ. ವರ್ಷಗಟ್ಟಲೆ ಮೆಟ್ಟಿಲಲ್ಲಿ ಎದುರಾದರೂ ತಲೆ ಅಲ್ಲಾಡಿಸದ ಮನುಷ್ಯ ಗಂಟಲು ಹರಿಯುವ ಹಾಗೆ ಕೂಗಾಡತೊಡಗಿದಾಗ ಹೆಲ್ವಿ ಅಜ್ಜಿ ಕಿವಿಯ ಯಂತ್ರ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಹಂಚ್ಕೊಳ್ಳೋದು ಅಂದ್ರೆ ಏನು? ದರೋಡೆ! ಸಭ್ಯನಾದೋನು ಕೆಲಸ ಮುಗಿಸಿ ಪ್ಲಗ್ಗು ಕಿತ್ತು ಮನೆಗೆ ಹೋಗ್ತಾನೆ. ಜೊತೆಗಿರೋ ಹೊಟ್ಟೆಬಾಕ ಹಗಲೂ ರಾತ್ರಿ ಕೂತು ತಿಂತಾನೆ. ಗಿರಣೀಲಿ ಇವತ್ತು ಅದೇ ಆಗ್ತಿದೆ. ನಾಳೆ ನಮ್ಮ ಸೌನಾದಲ್ಲೂ ಅದೇ ಆಗತ್ತೆ. ಈ ತೈಸ್ತೊ ಆರಕ್ಕೆ ಬಂದು ಕೂತ್ರೆ ಮತ್ತೆ ಏಳ್ತಾನಾ? ನಾನು ಪೇಪರಲ್ಲಿ ಹೇಳಿದ್ದು ತಪ್ಪು! ಹಂಚ್ಕೊಳ್ಳೋನೇ ಕರೆಂಟಿನ ಶತ್ರು!"

"ಬ್ರೇಕ್ ಹಾಕೋ ಕೆತ್ತುನೆನ್, ತಿರುವು ಬಂತು," ಎಂದ ತೈಸ್ತೊ.

ಬಾಗಿಲು ತೆರೆಯಿತು. ಹೆಲ್ಮಿ ಒಳಗೆ ಬಂದಳು. ಮುಖ ಕೆಂಡವಾಗಿತ್ತು. ಬಗಲಲ್ಲಿ ಲ್ಯಾಪ್‌ಟಾಪು ಹಿಡಿದಿದ್ದಳು. ವಿಲ್ಯೊ ಎರಡೂ ಕೈ ಚಾಚಿ ಅವಳನ್ನು ಸ್ವಾಗತಿಸಿದ.

"ಬಾ, ಬಾ. ಆ ಹೊಟ್ಟೆಬಾಕ ಸಿಕ್ಕಿದ್ನಾ?"

"ಸಿಕ್ಕಿದ."

"ಎಲ್ಲರಿಗೂ ಕೇಳೋ ಹಾಗೆ ಹೇಳು!"

"ಹೇಳೋಕೇ ಬಂದಿದೀನಿ. ಆ ಯಂತ್ರಾನ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಒಂದೊಂದು ಸಲ ಒಂದೇ ಪ್ರಶ್ನೆ ಕೇಳ್ತಿದಾರೆ. ಅದೇ ಪ್ರಶ್ನೆ, ಮತ್ತೆ ಅದೇ ಪ್ರಶ್ನೆ. ಅದು ಉತ್ತರ ಕೊಡಬೇಕು, ಉತ್ತರ ಕೊಡೋಕೆ ಎದ್ದಿರಬೇಕು, ಎದ್ದಿರೋಕೆ ಕರೆಂಟು ತಿನ್ನಬೇಕು."

"ಏನಂತೆ ಪ್ರಶ್ನೆ?" ಎಂದರು ಟೀಚರ್.

ಹೆಲ್ಮಿ ಎಲ್ಲರ ಮುಖ ನೋಡಿ, ಕೊನೆಗೆ ವಿಲ್ಯೊನ ಮುಖದ ಮೇಲೆ ಕಣ್ಣು ನೆಟ್ಟು ಹೇಳಿದಳು: "ಶನಿವಾರ ಆರು ಗಂಟೆ ಸೌನಾ ಇನ್ನೂ ಕೆತ್ತುನೆನ್‌ದೇನಾ?"

ಎಲ್ಲರ ತಲೆಗಳೂ ಒಟ್ಟಿಗೆ ವಿಲ್ಯೊನ ಕಡೆ ತಿರುಗಿದವು. ಏನಾಯಿತೆಂದು ತಿಳಿಯದೆ ಹೆಲ್ವಿ ಅಜ್ಜಿ ಚೀಲದಿಂದ ಕಿವಿಯ ಯಂತ್ರವನ್ನು ಹುಡುಕಿ ತೆಗೆದಳು.

"ಅದಕ್ಕೆ ಆ ಯಂತ್ರ ಏನು ಹೇಳತ್ತೆ?" ಟೀಚರಿಗೆ ಉತ್ತರ ಪೂರ್ತಿ ಬೇಕಿತ್ತು.

"ಹೌದು ಅನ್ನತ್ತೆ. ಪ್ರತಿ ಸಲ ಹೌದು. ಕ್ರಿಸ್‌ಮಸ್ ದಿನಾನೂ ಹೌದು. ಯಂತ್ರ ಆಗಿದ್ದಕ್ಕೆ ಬಾಯ್ಮುಚ್ಚು ಅಂದಿಲ್ಲ."

"ಸುಳ್ಳು!" ವಿಲ್ಯೊ ಕಿರುಚಿದ. "ನಾನು ನಾಲ್ಕಕ್ಕೆ ಪ್ಲಗ್ಗು ಕೀಳ್ತೀನಿ! ಇಡೀ ಊರಿಗೆ ಗೊತ್ತು, ಫೋಟೋ ಇದೆ!"

"ನೀನು ಕೀಳೋದು ನಿನ್ನ ಮೇಜಿನ ಪ್ಲಗ್ಗು ಕಣಯ್ಯಾ! ಕೇಳ್ತಿರೋದು ನಿನ್ನ ಮೇಜಲ್ಲ. ನೀನು ಮಾಡಿಟ್ಟ ಆ ಹಸಿರು ಚುಕ್ಕೆ ಪ್ರೋಗ್ರಾಮು ನನ್ನ ಗಿರಣೀಲಿ ಕೂತು ಕೇಳ್ತಿದೆ. ನಿನ್ನ ಕಂಪ್ಯೂಟರು ಬರೀ ಕಿಟಕಿ. ನೀನು ಒಲೆ ಹಚ್ಚಿಟ್ಟು, ಹೊರಗೆ ಬಂದು ಕಿಟಕಿ ಪರದೆ ಎಳೆದು, ಬೆಂಕಿ ಆರಿಸಿದೆ ಅಂತ ಪೇಪರಲ್ಲಿ ಹಾಕಿಸ್ಕೊಂಡಿದೀಯ!"

ತೈಸ್ತೊ ಮೇಜು ಗುದ್ದಿ ಗುದ್ದಿ ನಕ್ಕ. ಉಳಿದವರು ನಗಲಿಲ್ಲ, ಕೈವೊಲಾದ ಸಂಪ್ರದಾಯದಂತೆ ಸುಮ್ಮನೆ ಅವನನ್ನು ನೋಡಿದರು. ಅದು ಇನ್ನೂ ಘೋರವಾಗಿತ್ತು. ವಿಲ್ಯೊ ಹಿಂದಿನ ಸಾಲಿನಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ರಾಯ್ಲಿ ಆಗಲೇ ಎದ್ದು ನಿಂತಿದ್ದಳು.

"ಆ ಯಂತ್ರಾನ ಹಗಲೂ ರಾತ್ರಿ ಕೇಳಿದೀಯ, ಸೌನಾ ಇನ್ನೂ ನನ್ನದೇನಾ ಅಂತ. ನನ್ನನ್ನ ಒಂದು ಸಲ, ಒಂದೇ ಒಂದು ಸಲ ಕೇಳಿದೀಯಾ, ರಾಯ್ಲಿ, ನೀನಿನ್ನೂ ನನ್ನೋಳೇನಾ ಅಂತ?"

"ಅದನ್ನೇನು ಕೇಳೋದು? ಅದು ಗೊತ್ತಿರೋ ವಿಷ್ಯ!"

"ಹೌದಾ? ಸೌನಾನೂ ಗೊತ್ತಿತ್ತಲ್ಲ!" ಎಂದು ಅವಳು ಕೈ ಎತ್ತಿದಳು. "ಟೀಚರ್, ನಮ್ಮನೆ ಮತ ನನ್ನ ಹೆಸರಲ್ಲಿದೆ. ಒಟ್ಟಿಗೆ ಸೌನಾ ಮಾಡೋದಕ್ಕೆ ನನ್ನ ಒಪ್ಪಿಗೆ ಇದೆ, ಬರ್ಕೊಳ್ಳಿ."

ಅವಳ ಹಿಂದೆ ಎಲ್ಲ ಕೈಗಳೂ ಎದ್ದವು. ಹೆಲ್ವಿ ಅಜ್ಜಿ ಎರಡೂ ಕೈ ಎತ್ತಿದ್ದರಿಂದ ಟೀಚರ್ ಒಂದನ್ನು ಇಳಿಸಬೇಕಾಯಿತು. ಹೆಲ್ಮಿ ಲ್ಯಾಪ್‌ಟಾಪನ್ನು ವಿಲ್ಯೊನ ಮುಂದೆ ಕುಕ್ಕಿದಳು.

"ನಿಲ್ಲಿಸು. ನೀನೇ ಹಚ್ಚಿದ್ದು, ನೀನೇ ಆರಿಸು."

"ಕೊನೇದಾಗಿ ಒಂದೇ ಒಂದು ಸಲ ಕೇಳ್ಬಿಟ್ಟು..."

"ನಿಲ್ಲಿಸ್ತೀಯೋ ಇಲ್ವೋ?"

ಅವನು ಹಲ್ಲು ಕಡಿಯುತ್ತ ಒತ್ತಿದ. ಹೆಲ್ಮಿ ಪರದೆಯನ್ನೇ ನೋಡುತ್ತಿದ್ದವಳು ಸ್ವಲ್ಪ ಹೊತ್ತಿಗೆ, "ಮಲಗ್ತು, ಪಾಪ," ಎಂದು ಬನ್ನಿಗೆ ಕೈ ಹಾಕಿದಳು. ಮರುದಿನ ವಿಲ್ಯೊ ತೆರ್ವಾಲಾಕ್ಕೆ ಹೋಗಿ ಅರ್ವೋನ ಕಾಫಿ ಮಷಿನ್ ಮುಂದೆ, ತನ್ನದೇ ಫೋಟೋದ ಎದುರಿಗೆ ನಿಂತು ಕ್ಷಮೆ ಕೇಳಿ ಬಂದ. ಮುಖ್ಯಸ್ಥ ಎದೆಯ ಮೇಲಿಂದ ಕೈ ತೆಗೆದ.

ಶನಿವಾರ ಬಂತು. ಹೋಗುವುದೇ ಇಲ್ಲ ಎಂದು ಬೆಳಿಗ್ಗೆಯಿಂದ ಶಪಥ ಮಾಡಿ ಮಾಡಿ ಸುಸ್ತಾದ ವಿಲ್ಯೊ, ಆರು ಹೊಡೆಯುವಾಗ ಟವೆಲು ಹೆಗಲಿಗೆ ಹಾಕಿಕೊಂಡು, ಸೌನಾದಲ್ಲಿ ಮೈಗೆ ಬಡಿದುಕೊಳ್ಳುವ, ಎಲೆ ತುಂಬಿದ ಬರ್ಚ್ ರೆಂಬೆಯ ಕಟ್ಟು ಹಿಡಿದು ನೆಲಮಾಳಿಗೆಗೆ ಇಳಿದ. ಸೌನಾ ಬಾಗಿಲು ತೆರೆದು ಹೊಸ್ತಿಲಲ್ಲೇ ನಿಂತ. ಮೇಲಿನ ಹಲಗೆಯ ಮೇಲೆ ಒಂದು ಸಾಲು ಗಂಡಸರು ಬೆವರುತ್ತ ಕೂತಿದ್ದರು. ತಾನು ಪ್ರತಿ ವಾರ ಕೂರುವ ಮೂಲೆಯಲ್ಲಿ ತೈಸ್ತೊ ಕಾಲು ಅಗಲಿಸಿ ಕೂತಿದ್ದ.

"ಆ ಜಾಗ ನನ್ನದು!"

"ಬಸ್ಸಲ್ಲಿ ಸೀಟು ರಿಸರ್ವ್ ಇಲ್ಲ. ಬಾಗಿಲು ಹಾಕೋ ಕೆತ್ತುನೆನ್, ಕಾವು ಹೋಗ್ತಿದೆ!"

ಒಳಗೆ ಬಂದವನಿಗೆ ಒಲೆಯ ಪಕ್ಕದ ಜಾಗ ಒಂದೇ ಉಳಿದಿತ್ತು. ಸರಿ, ಒಬ್ಬೊಬ್ಬರನ್ನಾಗಿ ಓಡಿಸುತ್ತೇನೆ ಎಂದು ಅವನು ನಿರ್ಧರಿಸಿದ. ಸೌಟು ತೆಗೆದುಕೊಂಡು ಕಲ್ಲಿನ ಮೇಲೆ ನೀರು ಹೊಯ್ದ. ಚುಸ್ ಎಂದು ಹಬೆ ಎದ್ದು ಚಾವಣಿಗೆ ಬಡಿದು ಬೆನ್ನಿಗಿಳಿಯಿತು. ಯಾರೂ ಅಲ್ಲಾಡಲಿಲ್ಲ. ಇನ್ನೊಂದು ಸೌಟು ಹೊಯ್ದ. ಎಲ್ಲರ ಕಿವಿ ಕೆಂಪಾಯಿತು, ಉಸಿರು ಬಿಗಿಯಾಯಿತು, ಆದರೂ ಒಬ್ಬನೂ ಏಳಲಿಲ್ಲ. ಸೌನಾದಿಂದ ಮೊದಲು ಎದ್ದುಹೋದ ಗಂಡಸನ್ನು ಕೈವೊಲಾ ಸಾಯುವವರೆಗೆ ಮರೆಯುವುದಿಲ್ಲ. ವಿಲ್ಯೊ ಸಿಟ್ಟಿನಿಂದ ಇಡೀ ಬಕೆಟ್ಟನ್ನೇ ಎತ್ತಿ ಸುರಿದ.

"ಆಹಾ, ಈಗ ಸ್ವಲ್ಪ ಬೆಚ್ಚಗಾಯ್ತು," ಎಂದ ತೈಸ್ತೊ. ಅವನ ಧ್ವನಿ ಸಣ್ಣಗಾಗಿತ್ತು.

ಆದರೆ ಒಲೆಗೆ ಅಂಟಿಕೊಂಡು ಕೂತಿದ್ದವನು ವಿಲ್ಯೊ. ಹಬೆ ಎಲ್ಲರಿಗಿಂತ ಮೊದಲು ಹಿಡಿದದ್ದು ಅವನನ್ನೇ. ಅವನು ಅಯ್ಯಯ್ಯೋ ಎಂದು ಎದ್ದು, ಬಾಗಿಲು ತಳ್ಳಿ, ಟವೆಲು ಸುತ್ತಿಕೊಳ್ಳುತ್ತ ಅಂಗಳಕ್ಕೇ ಓಡಿದ. ಬರಿಗಾಲಲ್ಲಿ ಹಿಮದ ಮೇಲೆ ನಿಂತು, ಹೊಗೆಯಾಡುತ್ತ, ತೈಸ್ತೊನನ್ನೂ ಟೀಚರನ್ನೂ ಗಿರಣಿಯನ್ನೂ ಮೋಡ ಮಳೆ ಹಿಮ ಎಲ್ಲವನ್ನೂ ಬಾಯಿಗೆ ಬಂದಂತೆ ಬೈದ. ಅವನು ಹಾಕದೆ ಬಿಟ್ಟ ಬಾಗಿಲಿನಿಂದ ಗಂಡಸರ ಗದ್ದಲ ಕೇಳಿಸುತ್ತಿತ್ತು.

ಪಕ್ಕದ ಬೆಂಚಿನಲ್ಲಿ ಐದರ ಸೌನಾ ಮುಗಿಸಿದ ಹೆಂಗಸರು ನಿಲುವಂಗಿ ತೊಟ್ಟು, ನಿಂಬೆ ಪಾನಕ ಕುಡಿಯುತ್ತ ಹರಟುತ್ತಿದ್ದರು. ರಾಯ್ಲಿಯ ಕೆನ್ನೆ ಕೆಂಪಾಗಿತ್ತು. ಅವಳು ಅಷ್ಟು ಜೋರಾಗಿ ನಗುತ್ತಿದ್ದುದನ್ನು ಅವನು ನೋಡಿ ಬಹಳ ಕಾಲವಾಗಿತ್ತು. ಅವನನ್ನು ಕಂಡು ಅವಳ ನಗು ನಿಂತಿತು. ವಿಲ್ಯೊನಿಗೆ ಅದಕ್ಕೂ ಸಿಟ್ಟು ಬಂತು. ಹೆಂಗಸರೆಲ್ಲರ ಎದುರಿಗೆ ಜಗಳಕ್ಕೆ ಬಂದವನ ಹಾಗೆ ಕೂಗಿದ:

"ರಾಯ್ಲಿ! ನೀನಿನ್ನೂ ನನ್ನೋಳೇನಾ?"

ಹೆಂಗಸರು ಲೋಟ ಕೆಳಗಿಟ್ಟರು. ರಾಯ್ಲಿ ಅವನ ಹೊಗೆಯಾಡುವ ತಲೆಯನ್ನೂ ನೀಲಿಗಟ್ಟುತ್ತಿದ್ದ ಕಾಲನ್ನೂ ನೋಡಿದಳು.

"ಹೌದು," ಎಂದಳು. "ಪದೇ ಪದೇ ಕೇಳ್ಬೇಡ. ಹೋಗಿ ಮೊದ್ಲು ಆ ಬಾಗಿಲು ಹಾಕು, ಕಾವು ಹೋಗ್ತಿದೆ."